ಆನೆ ಕೋಣೆಯ ಕಾರ್ಡು

ಕಾಲರ್ ಅಕ್ಕನ ಮಗಳು ಬೆಳಿಗ್ಗೆ ತನ್ನ ಬಟ್ಟೆಯ ಪಟ್ಟಿಯನ್ನು ತಾನೇ ತರುತ್ತಿದ್ದಳು.

ಮೊಳೆಗೆ ತೂಗುಹಾಕಿದ್ದನ್ನು ಎಳೆದುಕೊಂಡು ಬಂದು, ಫ್ರಾಕನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಹೊಟ್ಟೆ ಮುಂದೆ ಮಾಡಿ ನಿಲ್ಲುತ್ತಿದ್ದಳು. ಕಟ್ಟು ಅಂತ. ಅಮ್ಮ ಸೊಂಟಕ್ಕೆ ಸುತ್ತಿ ಗಂಟು ಹಾಕುತ್ತಿದ್ದಳು. ಇನ್ನೊಂದು ತುದಿ ಕಿಟಕಿಯ ಕಂಬಿಗೆ. ಪಟ್ಟಿ ಉದ್ದವೇ ಇತ್ತು. ನೀರಿನ ಚೊಂಬಿನ ತನಕ ಹೋಗಬಹುದು, ಮೂಲೆಯ ಬೇಸಿನ್ನಿನ ತನಕ ಹೋಗಬಹುದು, ಕಿಟಕಿಯ ಕಟ್ಟೆ ಹತ್ತಿ ಕೂರಬಹುದು. ಒಲೆಯ ತನಕ ಹೋಗುವಂತಿಲ್ಲ. ಬಾಗಿಲ ತನಕ ಹೋಗುವಂತಿಲ್ಲ. ಹಾಗೆ ಅಳೆದು ಹೊಲಿದದ್ದು. ಬಟ್ಟೆ ಕಾರ್ಖಾನೆಯ ಕಸದ ರಾಶಿಯದು, ಕೈ ಅಕ್ಕನದು. ಎರಡು ಸಾಲು ಒತ್ತು ಹೊಲಿಗೆ, ಪರದೇಶದ ಅಂಗಿಗೆ ಹಾಕುವಂಥದ್ದು. ಕಿತ್ತು ಬರುವ ಮಾತೇ ಇಲ್ಲ.

ಮಗುವಿಗೆ ಮೂರು ವರ್ಷ. ಬುಗುರಿ ಅಂತ ಕರೆಯುವುದು. ಹಾಗೆ ಕರೆದದ್ದು ಅಜ್ಜಿ, ಅಂದರೆ ಅಕ್ಕನ ಅತ್ತೆ. ನಿಂತಲ್ಲಿ ನಿಲ್ಲದ ಕೂಸು. ಅತ್ತೆ ಇದ್ದ ಕಾಲಕ್ಕೆ ಪಟ್ಟಿ ಬೇಕಾಗಿರಲಿಲ್ಲ. ಅತ್ತೆಯ ಬಾಯಿ ಸಾಕಿತ್ತು, ಬೀದಿಗೆ ಓಡುವ ಮಗುವನ್ನು ಆ ಬಾಯಿಯೇ ಹಿಡಿದು ನಿಲ್ಲಿಸುತ್ತಿತ್ತು. ಅತ್ತೆ ತೀರಿಕೊಂಡರು. ಗಂಡ ಸಿಮೆಂಟ್ ಲಾರಿಯ ಕ್ಲೀನರ್, ಲಾರಿ ಬಂದಾಗ ಬರುತ್ತಾನೆ, ಬಂದಾಗ ನಿದ್ದೆ ಮಾಡುತ್ತಾನೆ. ಪಕ್ಕದ ಮನೆಯ ಅಜ್ಜಿ ಮಧ್ಯಾಹ್ನ ಕಿಟಕಿಯಿಂದ ಕೈ ಹಾಕಿ ಎರಡು ತುತ್ತು ತಿನ್ನಿಸುತ್ತಾಳೆ. ಮೊಣಕಾಲು ಹೋದವಳು, ಅದಕ್ಕಿಂತ ಹೆಚ್ಚು ಅವಳಿಂದ ಆಗದು.

ಮೊದಮೊದಲು ಮಗು ಕಿರುಚುತ್ತಿತ್ತು. ಕೈ ಕಚ್ಚುತ್ತಿತ್ತು. ಅಕ್ಕನಿಗೆ ಅದೇ ಎಷ್ಟೋ ವಾಸಿಯಾಗಿತ್ತು ಅನ್ನಿಸುತ್ತದೆ. ಈಗ ಕಚ್ಚುವುದಿಲ್ಲ. ಫ್ರಾಕು ಎತ್ತಿಕೊಂಡು ನಿಲ್ಲುತ್ತದೆ.

ಕಾರ್ಖಾನೆಯಲ್ಲಿ ಅಂಗಿಯ ಯಾವ ಭಾಗ ಯಾರ ಕೈಗೆ ಬಂದಿದೆಯೋ ಅದನ್ನೇ ಹಿಡಿದು ಅವರನ್ನು ಕರೆಯುವುದು ರೂಢಿ. ಈಕೆ ಕಾಲರ್. ಪಕ್ಕದಲ್ಲಿ ಕೂರುವ, ನಾಲಿಗೆಗೆ ಮೂಳೆಯೂ ಇಲ್ಲದ ಬೀಗವೂ ಇಲ್ಲದ ಹೆಂಗಸು ಜೇಬು. ಎದುರು ಸಾಲಿನ ಉದ್ದನೆಯ ಹುಡುಗಿ ತೋಳು. ಗುಂಡಿ ಹಾಕುವಾಕೆ ಕಡ್ಡಿಯ ಹಾಗಿದ್ದರೂ ಗುಂಡಮ್ಮ. ಇವರೆಲ್ಲ ಸೇರಿ ಲಾರಿಗಟ್ಟಲೆ ಅಂಗಿ ಕಳಿಸುತ್ತಾರೆ. ಹೊಸ ಅಂಗಿ ಮೈಗೆ ಹಾಕಿಕೊಂಡು ಯಾವ ಕಾಲವಾಯಿತೋ ಒಬ್ಬಳಿಗೂ ನೆನಪಿಲ್ಲ.

ಕಾಲರ್ ಅಂದರೆ ಸುಮ್ಮನೆ ಅಲ್ಲ. ಒಳಮೈ ಹೊರಗೆ ಮಾಡಿ ಹೊಲಿಯಬೇಕು, ಮಗುಚಬೇಕು, ಎರಡೂ ಮೂಲೆಯನ್ನು ಚೂಪು ಕಡ್ಡಿಯಿಂದ ಚುಚ್ಚಿ ಹೊರಗೆ ತರಬೇಕು. ಮೂಲೆ ಮೊಂಡಾದರೆ ಬೈಗುಳ. ತೂತಾದರೆ ಇನ್ನೂ ದೊಡ್ಡ ಬೈಗುಳ. ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಈಗ ಎರಡು ಸೀಳಾಗಿಯೇ ಬೆಳೆಯುತ್ತದೆ. ಬೆನ್ನು ಸಂಜೆಗೆ ಅವಳದಾಗಿರುವುದಿಲ್ಲ. ಗಾಳಿಯಲ್ಲಿ ಬಟ್ಟೆಯ ಧೂಳು. ನೀಲಿ ಬಟ್ಟೆ ಬಂದ ವಾರ ಇಡೀ ಸಾಲಿಗೆ ನೀಲಿ ಸಿಂಬಳ, ಕೆಂಪು ಬಂದ ವಾರ ಕೆಂಪು.

“ಬಿಳಿ ಬಟ್ಟೆ ಬಂದಾಗ ಮಾತ್ರ ಕಣೇ ನಮಗೆ ಮನುಷ್ಯರ ಸಿಂಬಳ,” ಅನ್ನುತ್ತಾಳೆ ಜೇಬು.

ಸಾಲಿನ ಮೇಲ್ವಿಚಾರಕ ಕೊರಳಲ್ಲಿ ಸೀಟಿ ತೂಗುಹಾಕಿಕೊಂಡು ಓಡಾಡುತ್ತಾನೆ. ಅವನು ಪೀಪಿ. ಉಚ್ಚೆಗೆ ಎದ್ದು ಹೋಗಬೇಕಾದರೆ ಅವನ ಮುಖ ನೋಡಿ ಕೈ ಎತ್ತಬೇಕು. ಆ ಮುಖ ನೋಡಿದರೆ ಬಂದದ್ದೂ ವಾಪಸ್ ಹೋಗುತ್ತದೆ. ಅವನ ಮೇಲೆ ಮ್ಯಾನೇಜರು. ಕೂತರೂ ನಿಂತರೂ ಮೈಮೇಲೆ ಒಂದು ಸುಕ್ಕು ಬೀಳದ ಮನುಷ್ಯ. ಅವನು ಇಸ್ತ್ರಿ ಸಾಹೇಬ.

ಕಾರ್ಖಾನೆಯ ಹಿಂಭಾಗದಲ್ಲಿ ಒಂದು ಕೋಣೆ ಇದೆ. ಬಾಗಿಲ ಮೇಲೆ ‘ಶಿಶುವಿಹಾರ’ ಅಂತ ಬಣ್ಣದ ಅಕ್ಷರ. ಒಳಗೆ ಗೋಡೆಯ ಸುತ್ತ ಆನೆಗಳು ಒಂದರ ಬಾಲ ಇನ್ನೊಂದು ಹಿಡಿದು ನಡೆಯುತ್ತವೆ. ಇಷ್ಟು ಜನ ಹೆಂಗಸರು ದುಡಿಯುವ ಕಡೆ ಮಕ್ಕಳ ಕೋಣೆ ಇರಲೇಬೇಕು ಅಂತ ಕಾನೂನು. ಇದೆ. ಬೀಗವೂ ಇದೆ. ಒಳಗೆ ಅಂಗಿ ತುಂಬಿದ ರಟ್ಟಿನ ಪೆಟ್ಟಿಗೆಗಳು, ಆನೆಗಳ ಸೊಂಡಿಲು ಮುಚ್ಚುವಷ್ಟು ಎತ್ತರಕ್ಕೆ. ಅತ್ತೆ ಹೋದ ಹೊಸದರಲ್ಲಿ ಅಕ್ಕ ಒಂದು ಸಲ ಪೀಪಿಯನ್ನು ಕೇಳಿದ್ದಳು.

“ಸಾರ್, ಆ ಆನೆ ಕೋಣೇಲಿ ಮಗೂನ ಬಿಡಬಹುದಾ?”

“ಮಕ್ಕಳು ಬಿಟ್ರೆ ಗೋಡೆ ಎಲ್ಲ ಹಾಳು ಮಾಡ್ತವೆ,” ಅಂದಿದ್ದ ಪೀಪಿ. “ಎಷ್ಟು ಚೆನ್ನಾಗಿ ಮಾಡ್ಸಿದೀವಿ ಗೊತ್ತಾ?”

ಒಂದು ದಿನ ಊಟದ ಹೊತ್ತಿನಲ್ಲಿ ಇಸ್ತ್ರಿ ಸಾಹೇಬ ಸ್ಟೂಲಿನ ಮೇಲೆ ನಿಂತ. ಅಂಗಿ ಕೊಳ್ಳುವ ಪರದೇಶದ ಕಂಪನಿಯವರು ಬರುತ್ತಾರೆ, ಮಕ್ಕಳ ಕೋಣೆ ನೋಡುತ್ತಾರೆ, ನೋಡಬೇಕಾದರೆ ಒಳಗೆ ಮಕ್ಕಳು ಬೇಕು.

“ಚಿಕ್ಕ ಮಕ್ಕಳಿರೋರು ನಾಳಿದ್ದು ಕರ್ಕೊಂಡು ಬನ್ನಿ. ತಲೆ ಬಾಚಿ, ಮೂಗು ಒರೆಸಿ. ಅಳೋ ಮಕ್ಕಳು ಬೇಡ.”

“ಯಾವ ಸೈಜಿಂದು ಬೇಕು ಸಾರ್?” ಅಂದಳು ಜೇಬು ಹಿಂದಿನಿಂದ. “ಸಣ್ಣದಾ, ಮಧ್ಯದ್ದಾ, ದೊಡ್ಡದಾ? ನನ್ ಹತ್ರ ಮೂರೂ ಇದಾವೆ.”

ಸಾಲು ಕಿಸಕ್ಕೆಂದಿತು. ಪೀಪಿ ಸೀಟಿ ಊದಿದ.

ಹೋದ ಸಲ ಬಂದವರು, ಯಾವ ಮಗು ಯಾರದು ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದ್ದರಂತೆ. ಅದಕ್ಕಾಗಿ ಈ ಸಲ ಮಕ್ಕಳಿಗೂ ಕಾರ್ಡು. ಹೆಂಗಸರ ಕೊರಳಲ್ಲಿ ಇರುವಂಥದ್ದೇ, ಫೋಟೋ ಸಮೇತ, ದಾರ ಸಮೇತ, ಅದೇ ಮಷಿನ್ನಿನಲ್ಲಿ ಮಾಡಿದ್ದು. ಗೇಟಿನಲ್ಲಿ ಒಂದು ಕಂಬಿ ಇದೆ, ಅದರ ಪಕ್ಕದ ಡಬ್ಬಿಗೆ ಕಾರ್ಡು ತೋರಿಸಿದರೆ ಹಸಿರು ದೀಪ ಹತ್ತಿ, ಕುಂಯ್ ಅಂದು ಕಂಬಿ ತಿರುಗುತ್ತದೆ. ಬೇರೆ ಕಾರ್ಡಾದರೆ ಕೆಂಪು ದೀಪ. ಭಾರಿ ಬೆಲೆಯ ಯಂತ್ರ ಅಂತ ಇಸ್ತ್ರಿ ಸಾಹೇಬನಿಗೆ ಜಂಬ. ಹೆಂಗಸರಿಗೆ ಗೊತ್ತು, ಅದು ಪೆದ್ದು. ಒಂದೇ ಕಾರ್ಡನ್ನು ಹತ್ತು ಸಲ ತೋರಿಸಿದರೂ ಹತ್ತು ಸಲವೂ ಕುಂಯ್ ಅನ್ನುತ್ತದೆ. ಕಾರ್ಡು ಮನೆಯಲ್ಲಿ ಮರೆತು ಬಂದವಳನ್ನು ಹಿಂದಿನವಳು ತನ್ನದರಲ್ಲೇ ಒಳಗೆ ತೂರಿಸುವುದು ಮಾಮೂಲು.

ಆ ದಿನ ಬಂತು. ಪೆಟ್ಟಿಗೆಗಳನ್ನು ಹೊರಗೆ ಸಾಗಿಸಿದ್ದರು. ಆನೆಗಳಿಗೆ ಸೊಂಡಿಲು ಬಂದಿತ್ತು. ನೆಲಕ್ಕೆ ಹೊಸ ಹಾಸಿಗೆ, ಬುಟ್ಟಿ ತುಂಬ ಆಟದ ಸಾಮಾನು. ಆಫೀಸಿನಲ್ಲಿ ಟೈಪು ಮಾಡುವ ಹುಡುಗಿಗೆ ಔಷಧಿ ಕೋಣೆಯ ಬಿಳಿ ಕೋಟು ತೊಡಿಸಿ ಆಯಾ ಮಾಡಿದ್ದರು. ಅವಳು ಮದುವೆಯಾಗದ ಹುಡುಗಿ, ಮಗುವನ್ನು ಎತ್ತಿಕೊಂಡರೆ ಫೈಲು ಹಿಡಿದ ಹಾಗೆ ಹಿಡಿಯುತ್ತಿದ್ದಳು.

ಬುಗುರಿ ಕೋಣೆಯ ಹೊಸ್ತಿಲಲ್ಲಿ ನಿಂತು ಬಾಯಿ ಬಿಟ್ಟಳು. ಆಮೇಲೆ ಓಡಿದಳು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾಲ್ಕು ಹೆಜ್ಜೆ ಓಡಿದ ಮಗು ಗಕ್ಕನೆ ನಿಂತುಬಿಟ್ಟಿತು. ಅಲ್ಲಿ ಏನೂ ಇರಲಿಲ್ಲ. ಗೋಡೆ ಇನ್ನೂ ದೂರ ಇತ್ತು. ಮಗು ಕೆಳಗೆ ಬಗ್ಗಿ ತನ್ನ ಸೊಂಟ ನೋಡಿಕೊಂಡಿತು, ಹಿಂದೆ ತಿರುಗಿ ನೆಲ ನೋಡಿತು. ಪಟ್ಟಿ ಮುಗಿಯುವ ಜಾಗ ಅದು. ಮನೆಯಲ್ಲಿ ಅಷ್ಟೇ ದೂರಕ್ಕೆ ಸೊಂಟ ಜಗ್ಗುತ್ತದೆ.



ಎಳೆಯುವುದು ಯಾವುದೂ ಇಲ್ಲ ಅಂತ ಖಾತ್ರಿಯಾದ ಮೇಲೆ ಬುಗುರಿ ಇನ್ನೊಂದು ಹೆಜ್ಜೆ ಇಟ್ಟಳು. ಇನ್ನೊಂದು. ಆಮೇಲೆ ಹೋಗಿ ಗೋಡೆಗೆ ಢೀ ಕೊಟ್ಟಳು. ಅಲ್ಲಿಂದ ಈ ಗೋಡೆಗೆ. ಈ ಗೋಡೆಯಿಂದ ಆ ಗೋಡೆಗೆ. ಮಧ್ಯದಲ್ಲಿ ಸುಮ್ಮನೆ ಗಿರಗಿರ ತಿರುಗಿದಳು. ಬಿಳಿ ಕೋಟಿನ ಹುಡುಗಿ ಗಾಬರಿಯಾಗಿ “ಇದು ಯಾವಾಗ ನಿಲ್ಲುತ್ತೆ?” ಅಂತ ಕೇಳಿದಳು.

ಬಂದವರಲ್ಲಿ ದೊಡ್ಡವಳು ಒಬ್ಬ ಬಿಳಿಗೂದಲಿನ ಮೇಡಂ. ಒಳ್ಳೆಯ ಹೆಂಗಸೇ. ನೆಲದ ಮೇಲೆ ಕೂತು ಬುಗುರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡಳು. ದಿನವೂ ಏನು ಮಾಡುತ್ತೀಯ ಅಂತ ಕೇಳಿದಳು. ಇಸ್ತ್ರಿ ಸಾಹೇಬ ಅದನ್ನು ಮಗುವಿಗೆ ಹೇಳಿದ.

“ಕಿಟಕಿ ಹತ್ರ ಕೂತ್ಕೋತೀನಿ,” ಅಂದಳು ಬುಗುರಿ. “ಪಟ್ಟಿ ಇದೆ.”

ಇಸ್ತ್ರಿ ಸಾಹೇಬ ಮೇಡಂ ಕಡೆ ತಿರುಗಿ ಉದ್ದಕ್ಕೆ ಏನೋ ಹೇಳಿದ. ಅದರಲ್ಲಿ ‘ಎಲಿಫೆಂಟ್’ ಅನ್ನುವ ಒಂದು ಮಾತು ಅಕ್ಕನಿಗೆ ತಿಳಿಯಿತು. ಮಗು ಆನೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಮೇಡಂ ಕೈಜೋಡಿಸಿಕೊಂಡು ನಕ್ಕಳು.

ಆಮೇಲೆ ಭಾಷಣ. ತಾಯಂದಿರನ್ನು ಸಾಲಾಗಿ ನಿಲ್ಲಿಸಿದ್ದರು. ಮೇಡಂ ಒಂದೊಂದು ತುಂಡು ಹೇಳುವುದು, ಇಸ್ತ್ರಿ ಸಾಹೇಬ ಒಂದೊಂದು ತುಂಡು ಹೊಲಿಯುವುದು.

“ಬಡ ದೇಶ ಮೇಲೆ ಬರೋದು ಅಂದ್ರೆ ಏಣಿ ಹತ್ತಿದ ಹಾಗಂತೆ. ಅದರ ಮೊದಲನೇ ಮೆಟ್ಟಿಲೇ ಬಟ್ಟೆ ಹೊಲಿಯೋದಂತೆ. ಮೇಡಂ ಅವರ ಮುತ್ತಜ್ಜಿ ಕೂಡ ನಿಮ್ಮ ಹಾಗೇ ಹೊಲೀತಿದ್ರಂತೆ. ಹೊಲಿದು ಹೊಲಿದು ಅವರ ದೇಶದಲ್ಲಿ ಈಗ ವಿಮಾನ ಮಾಡ್ತಾರಂತೆ. ಕಾರ್ಖಾನೆ, ರಸ್ತೆ, ಬಂದರು ಎಲ್ಲ ಒಂದು ಅಂಗಿಯಿಂದಲೇ ಶುರುವಾಗೋದಂತೆ. ದೇಶದ ಮೊದಲನೇ ಮೆಟ್ಟಿಲು ನೀವು ಅಂತಿದ್ದಾರೆ. ಚಪ್ಪಾಳೆ!”

“ಮೆಟ್ಟಿಲಂತೆ ಕಣೇ ನಾವು,” ಅಂದಳು ಜೇಬು ತುಟಿ ಆಡಿಸದೆ. “ಅದಕ್ಕೇ ಎಲ್ಲರೂ ಹೀಗೆ ತುಳ್ಕೊಂಡು ಹೋಗೋದು.”

“ಆ ಮುತ್ತಜ್ಜಿ ಮಗೂನ ಎಲ್ಲಿ ಬಿಟ್ಟು ಬರ್ತಿದ್ರು ಅಂತ ಕೇಳೇ,” ಅಂದಳು ಅಕ್ಕ.

“ನೀನೇ ಕೇಳು. ನಿನಗೇನು ಬಾಯಿಲ್ವಾ?”

ಅಕ್ಕ ಕೇಳಲಿಲ್ಲ. ಚಪ್ಪಾಳೆ ತಟ್ಟಿದಳು. ಸೀಳಿದ ಉಗುರು ಚುರ್ ಅಂದಿತು.

ಪರದೇಶದ ಕಾರು ಗೇಟು ದಾಟಿದ್ದೇ ತಡ, ಮಕ್ಕಳಿಗೆ ಕೊಟ್ಟಿದ್ದ ಹಾಲಿನ ಲೋಟಗಳು ಎದ್ದವು. ಹಾಸಿಗೆ ಎದ್ದಿತು, ಅದರ ಮೇಲೆ ಮಲಗಿದ್ದ ಬುಗುರಿಯನ್ನು ಎಬ್ಬಿಸಿ. ಆಟದ ಸಾಮಾನೆಲ್ಲ ಬುಟ್ಟಿಗೆ, ಬುಟ್ಟಿ ಅಟ್ಟಕ್ಕೆ. ಬೀಗ ಬಿತ್ತು. ಮಿಕ್ಕ ಹೊತ್ತು ಮಕ್ಕಳು ಗೋದಾಮಿನ ಮೆಟ್ಟಿಲ ಮೇಲೆ ಕೂತವು.

ಸಂಜೆ ಮನೆಗೆ ಬಿಡುವಾಗ ಗೇಟಿನಲ್ಲಿ ತಪಾಸಣೆ ಇರುತ್ತದೆ. ತುಂಡು ಬಟ್ಟೆ, ದಾರದ ಉಂಡೆ ಕದ್ದು ಒಯ್ಯುತ್ತಾರೆ ಅಂತ. ಕಸದ ರಾಶಿಯಿಂದ ಆಯ್ದದ್ದಕ್ಕೆ ಮಾಫಿ, ಮಿಕ್ಕಿದ್ದೆಲ್ಲ ಕಳ್ಳತನ. ಕೈ ಎತ್ತಿ ನಿಲ್ಲಬೇಕು, ಕಾವಲಿನ ಹೆಂಗಸು ಕಂಕುಳು, ಎದೆ, ಸೊಂಟ, ತೊಡೆ ಎಲ್ಲ ತಡವಿ ನೋಡಬೇಕು. ತಡಕಮ್ಮ ಅಂತಲೇ ಅವಳನ್ನು ಕರೆಯುವುದು. ಮೊದಲ ವಾರ ನಾಚಿಕೆಯಾಗುತ್ತದೆ. ಆಮೇಲೆ ಕೈ ತಾನಾಗಿ ಮೇಲೇಳುತ್ತದೆ.

ಆ ದಿನ ಪೀಪಿ ಮಕ್ಕಳನ್ನೂ ನೋಡು ಅಂದ. ತಡಕಮ್ಮ ಬುಗುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿದಳು.

“ಪೀಂ!” ಅಂದಿತು ಹೊಟ್ಟೆ.

ಇಡೀ ಸಾಲು ನಿಂತಲ್ಲೇ ನಗಲು ಶುರು ಮಾಡಿತು. “ಪೀಪಿ ಸಾರ್ ಎಲ್ಲಿ ಹೋಗಿ ಸೇರ್ಕೊಂಡಿದಾರೆ ನೋಡ್ರೇ!” ಅಂದಳು ಜೇಬು. ತಡಕಮ್ಮನೂ ನಗು ತಡೆಯಲಾಗದೆ ಇನ್ನೊಮ್ಮೆ ಒತ್ತಿದಳು. ಪೀಂ.

ಸೊಂಟದ ಹತ್ತಿರ ಯಾರ ಕೈ ಬಂದರೂ ಬುಗುರಿಗೆ ಒಂದೇ ಪಾಠ. ಫ್ರಾಕನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಹೊಟ್ಟೆ ಮುಂದೆ ಮಾಡಿ ನಿಂತಳು. ಚಡ್ಡಿಯ ಎಲಾಸ್ಟಿಕ್ಕಿನಲ್ಲಿ ಸಿಕ್ಕಿಸಿಕೊಂಡಿದ್ದ ಒಂದು ಹಳದಿ ರಬ್ಬರ್ ಬಾತುಕೋಳಿ ಎಲ್ಲರಿಗೂ ಕಾಣಿಸಿತು. ಅದರ ಮೇಲೆ, ಸೊಂಟದ ಸುತ್ತ, ಕಪ್ಪಗೆ ಜಡ್ಡುಗಟ್ಟಿದ ಒಂದು ಗೆರೆಯೂ ಕಾಣಿಸಿತು.

ನಗು ನಿಂತಿತು.

ಇಸ್ತ್ರಿ ಸಾಹೇಬ ಅಲ್ಲೇ ಇದ್ದ. ಕಾರು ಬೀಳ್ಕೊಟ್ಟ ಖುಷಿಯಲ್ಲೇ ಇನ್ನೂ ಇದ್ದ. ಬಾತುಕೋಳಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡ.

“ಇಷ್ಟು ಚಿಕ್ಕ ವಯಸ್ಸಿಗೇ ಕಳ್ಳತನ. ಮನೇಲಿ ಇದನ್ನೇ ಕಲಿಸೋದಾ?”

“ಮಗು ಸಾರ್ ಅದು,” ಅಂದಳು ಅಕ್ಕ.

“ಮತ್ತೆ ಇದೇನು?” ಅವನು ಗೆರೆ ತೋರಿಸಿದ. “ಕಟ್ಟಿ ಹಾಕ್ತೀಯಾ? ನಾಯಿಮರಿ ಸಾಕಿದೀಯೇನು? ಥೂ! ತಾಯಿನಾ ನೀನು?”

ಪೀಪಿ ಪಕ್ಕದಲ್ಲಿ ನಿಂತು ನಾಲಿಗೆಯಲ್ಲಿ ಚ್ಚ್ ಚ್ಚ್ ಅಂದ. “ಕೆಲವರಿಗೆ ಹೆರೋದಷ್ಟೇ ಗೊತ್ತು ಸಾರ್.”

ಅಕ್ಕನ ಕೈ ಇನ್ನೂ ಮೇಲೇ ಇತ್ತು. ತಪಾಸಣೆಗೆ ಎತ್ತಿದ್ದು. ಇಳಿಸುವುದು ಮರೆತುಹೋಗಿತ್ತು. ಎಲ್ಲರೂ ಮಗುವಿನ ಸೊಂಟ ನೋಡುತ್ತಿದ್ದರು.  ಜೇಬಿನ ಮನೆಯಲ್ಲೂ ಚಿಲಕ ಹಾಕಿದ ಬಾಗಿಲ ಹಿಂದೆ ಮಕ್ಕಳಿದ್ದವು. ತೋಳಿನ ಮನೆಯಲ್ಲಿ ಐದು ವರ್ಷದ ಮಗು ಒಂದು ವರ್ಷದ ಮಗುವನ್ನು ನೋಡಿಕೊಳ್ಳುತ್ತಿತ್ತು. ಯಾರೂ ಯಾರಿಗೂ ಹೇಳಿಕೊಂಡಿರಲಿಲ್ಲ, ಅಷ್ಟೇ.

ಬಾತುಕೋಳಿ ಕಸಿದುಕೊಂಡರು. ಅದರ ಗಲಾಟೆಯಲ್ಲಿ ಮಕ್ಕಳ ಕೊರಳಲ್ಲಿದ್ದ ಕಾರ್ಡು ವಾಪಸ್ ತೆಗೆದುಕೊಳ್ಳುವುದು ಮರೆತರು.

ಮಾರನೇ ದಿನ ಬೆಳಿಗ್ಗೆ ಬುಗುರಿ ಮೊಳೆಯ ಹತ್ತಿರ ಹೋಗಲಿಲ್ಲ. ಕೊರಳಲ್ಲಿ ಕಾರ್ಡು ಹಾಕಿಕೊಂಡು, ಚಪ್ಪಲಿಯನ್ನು ಅದಲುಬದಲು ಮೆಟ್ಟಿಕೊಂಡು, ಬಾಗಿಲ ಹತ್ತಿರ ನಿಂತಿದ್ದಳು.

“ಆನೆ,” ಅಂದಳು.

“ಆನೆ ಇಲ್ಲ ಇವತ್ತು. ಬಾ ಇಲ್ಲಿ.”

“ಆನೆ.”

ಅಕ್ಕ ತಾನೇ ಹೋಗಿ ಪಟ್ಟಿ ತೆಗೆದುಕೊಂಡು ಬಂದಳು. ಎಷ್ಟೋ ದಿನದ ಮೇಲೆ ಅವಳು ಅದನ್ನು ತಾನಾಗಿ ಮೊಳೆಯಿಂದ ತೆಗೆದದ್ದು. ಮಗು ಫ್ರಾಕು ಎತ್ತಲಿಲ್ಲ. ಎರಡೂ ಕೈಯಲ್ಲಿ ಫ್ರಾಕನ್ನು ಕೆಳಕ್ಕೆ ಜಗ್ಗಿ ಹಿಡಿದು, ಹಲ್ಲು ಕಚ್ಚಿ, ತಾಯಿಯನ್ನು ದುರುಗುಟ್ಟಿ ನೋಡಿತು. ಈ ಕೂಸಿಗಿರುವ ಧಿಮಾಕು ನನಗಿಲ್ಲವಲ್ಲ, ಅಂದುಕೊಂಡಳು ಅಕ್ಕ. ಪಟ್ಟಿಯನ್ನು ಸುತ್ತಿ ಉಂಡೆ ಮಾಡಿ ಬುತ್ತಿಚೀಲಕ್ಕೆ ಹಾಕಿದಳು. ಮಗುವಿನ ಚಪ್ಪಲಿ ಸರಿಮಾಡಿ ಎತ್ತಿಕೊಂಡಳು.

ಗೇಟಿನಲ್ಲಿ ಕಾವಲಿನ ತಾತ ಅಡ್ಡ ಬಂದ.

“ಏನಮ್ಮಾ, ಇವತ್ತೂ ಮಗು? ಇವತ್ತು ಯಾರೂ ಬರಲ್ವಲ್ಲ.”

“ನಾನು ಬರ್ತಿದೀನಲ್ಲ ತಾತ.”

“ಮಗೂನ ಬಿಡೋಕಾಗಲ್ಲ. ಕಾರ್ಡು ಇರೋರಿಗೆ ಮಾತ್ರ ಒಳಗೆ.”

ಬುಗುರಿ ಅಮ್ಮನ ಕಂಕುಳಿಂದ ಬಗ್ಗಿ ತನ್ನ ಕಾರ್ಡನ್ನು ಡಬ್ಬಿಗೆ ಒತ್ತಿದಳು. ಹಸಿರು ದೀಪ. ಕುಂಯ್. ಕಂಬಿ ತಿರುಗಿತು.

ತಾತ ಡಬ್ಬಿಯನ್ನು ನೋಡಿದ. ಮಗುವನ್ನು ನೋಡಿದ. ತಲೆ ಕೆರೆದುಕೊಂಡ. “ಕುಂಯ್ ಅಂದ್ರೆ ಬಿಡು ಅಂತ ನನಗೆ ಹೇಳಿರೋದು,” ಅಂದ. “ಅದರ ಮೇಲೆ ನನಗೆ ಗೊತ್ತಿಲ್ಲಪ್ಪ.”

ಹಿಂದೆ ಬಂದ ಜೇಬು ಇದನ್ನು ನೋಡಿದಳು.  ತಿರುಗಿ ಮನೆ ಕಡೆ ಓಡಿದಳು. ಪೀಪಿ ತಡವಾಯಿತು ಅಂತ ಬೈದರೆ ಬೈಯಲಿ.

ಆನೆ ಕೋಣೆಗೆ ಬೀಗ ಇತ್ತು. ಅಕ್ಕ ಮಗುವನ್ನು ತನ್ನ ಮಷಿನ್ನಿನ ಪಕ್ಕ, ಕತ್ತರಿಸಿದ ಕಾಲರುಗಳ ಬುಟ್ಟಿಯಲ್ಲಿ ಕೂರಿಸಿ ಹೊಲಿಯಲು ಶುರು ಮಾಡಿದಳು. ಪೀಪಿ ಸಾಲಿನ ಆ ತುದಿಯಿಂದ ಸೀಟಿ ಊದುತ್ತಲೇ ಬಂದ.

“ಏಯ್! ಏನಿದು? ಯಾರು ಒಳಗೆ ಬಿಟ್ಟಿದ್ದು?”

“ಡಬ್ಬಿ ಬಿಡ್ತು ಸಾರ್.”

“ನಾಟಕ ಆಡ್ತೀಯಾ? ತಗೊಂಡು ಹೋಗಿ ಮನೇಲಿ ಬಿಟ್ಟು ಬಾ!”

“ಮನೇಲಿ ಬಿಡ್ಬೇಕಾದ್ರೆ ಕಟ್ಟಬೇಕು. ಕಟ್ಟಿದ್ರೆ ತಾಯಿ ಅಲ್ಲ ಅಂದ್ರಿ. ಕೋಣೆ ಬೀಗ ತೆಗೀರಿ.”

ಪೀಪಿ ಬಗ್ಗಿ ಬುಗುರಿಯ ರಟ್ಟೆ ಹಿಡಿದ. ಅಕ್ಕ ಪೆಡಲಿನಿಂದ ಕಾಲು ತೆಗೆದಳು. ಮಷಿನ್ನು ನಿಂತಿತು. ಕಾಲರಿನ ಮೂಲೆ ಚುಚ್ಚುವ ಕಡ್ಡಿ ಅವಳ ಕೈಯಲ್ಲೇ ಇತ್ತು, ಅವಳು ಅದನ್ನು ಎತ್ತಲಿಲ್ಲ, ಇಡಲೂ ಇಲ್ಲ.

“ಕೈ ತೆಗೀರಿ ಸಾರ್.”

ಸಾರ್ ಅಂದದ್ದು ಅಭ್ಯಾಸಬಲದಿಂದ. ದನಿ ಮಾತ್ರ ಹಳೆಯದಲ್ಲ. ಪೀಪಿ ಕೈ ತೆಗೆದ. ಇಸ್ತ್ರಿ ಸಾಹೇಬನನ್ನು ಕರೆಯಲು ಓಡಿದ.

ಕಾಲರ್ ನಿಂತರೆ ಅಂಗಿಗೆ ಕುತ್ತಿಗೆ ಇಲ್ಲ. ಕುತ್ತಿಗೆ ಇಲ್ಲದ ಅಂಗಿಗಳು ತೋಳಿನ ಮುಂದೆ ರಾಶಿ ಬಿದ್ದವು. ತೋಳು ಒಮ್ಮೆ ರಾಶಿಯನ್ನು ನೋಡಿ ತಾನೂ ಕಾಲು ತೆಗೆದಳು. ಗುಂಡಮ್ಮನ ಕೈಗೆ ಬರಲು ಏನೂ ಉಳಿಯಲಿಲ್ಲ. ಒಂದೊಂದೇ ಮಷಿನ್ನು ಬಾಯಿ ಮುಚ್ಚಿತು. ಫ್ಯಾನಿನ ಸದ್ದು ಎಷ್ಟು ದೊಡ್ಡದು ಅಂತ ಅವತ್ತೇ ಎಲ್ಲರಿಗೂ ಗೊತ್ತಾದದ್ದು.

ಇಸ್ತ್ರಿ ಸಾಹೇಬ ಬರುವ ಹೊತ್ತಿಗೆ ಜೇಬು ಕೂಡ ಬಂದಿದ್ದಳು, ಏದುಸಿರು ಬಿಡುತ್ತ, ಸಣ್ಣದು, ಮಧ್ಯದ್ದು, ದೊಡ್ಡದು ಮೂರನ್ನೂ ಎಳೆದುಕೊಂಡು. ಮೂರರ ಕೊರಳಲ್ಲೂ ಕಾರ್ಡು. “ಮೂರೂ ಕುಂಯ್ ಅಂದ್ವು ಕಣೇ!” ಅಂತ ಅಲ್ಲಿಂದಲೇ ಕೂಗಿದಳು.

ಇಸ್ತ್ರಿ ಸಾಹೇಬ ಕೂಗಲಿಲ್ಲ. ತಿಳಿದವನ ಹಾಗೆ ಮೆಲ್ಲಗೆ ಶುರು ಮಾಡಿದ.

“ನೋಡಿ ಅಮ್ಮಾ, ನಿನ್ನೆಯಷ್ಟೇ ಅವರು ಒಳ್ಳೆ ಅಭಿಪ್ರಾಯ ಇಟ್ಕೊಂಡು ಹೋಗಿದಾರೆ. ಇಲ್ಲಿ ಗಲಾಟೆ ಅಂತ ಗೊತ್ತಾದ್ರೆ ಆರ್ಡರು ಬೇರೆ ದೇಶಕ್ಕೆ ಹೋಗುತ್ತೆ. ಅಲ್ಲಿ ಇನ್ನೂ ಕಡಿಮೆಗೆ ಹೊಲಿದು ಕೊಡೋರಿದಾರೆ. ದೇಶಕ್ಕೇ ನಷ್ಟ. ಅರ್ಥ ಆಗುತ್ತಾ?”

“ಹೋಗ್ಲಿ ಬಿಡಿ ಸಾರ್,” ಅಂದಳು ಅಕ್ಕ. “ಅಲ್ಲೂ ಒಬ್ಬಳು ಕಾಲರ್ ಇರ್ತಾಳೆ. ಅವಳಿಗೂ ಒಂದು ಮಗು ಇರುತ್ತೆ. ಅಲ್ಲೂ ಗೋಡೆ ಮೇಲೆ ಆನೆ ಬರೀಬೇಕಾಗುತ್ತೆ ನೀವು.”

“ಬಾಯಿ ಜಾಸ್ತಿ ಆಯ್ತು ನಿಂದು.”

ಅಕ್ಕ ಬುತ್ತಿಚೀಲದಿಂದ ಪಟ್ಟಿಯ ಉಂಡೆ ತೆಗೆದಳು. ಬಿಡಿಸಿದಳು. ಒಂದು ತುದಿಯನ್ನು ಇಸ್ತ್ರಿ ಸಾಹೇಬನ ಕೈಯ ಹತ್ತಿರ ಹಿಡಿದಳು.

“ತಗೊಳ್ಳಿ.”

“ಏನಿದು?”

“ಇದರಲ್ಲೇ ನಾನು ಕಟ್ಟೋದು. ನಿಮ್ಮದೇ ಬಟ್ಟೆ. ನಿಮ್ಮದೇ ಹೊಲಿಗೆ, ಎಳೆದು ನೋಡಿ, ಕಿತ್ತು ಬರಲ್ಲ. ನಾನು ಕಟ್ಟಿದ್ರೆ ನಾಯಿಮರಿ ಸಾಕಿದ ಹಾಗೆ. ನೀವು ಕಟ್ಟಿ. ಒಂದು ತುದಿ ಇವಳ ಸೊಂಟಕ್ಕೆ, ಇನ್ನೊಂದು ನಿಮ್ಮ ಮೇಜಿನ ಕಾಲಿಗೆ. ನೀವು ಕಟ್ಟಿದ ತಕ್ಷಣ ನಾನು ಕೂತು ಹೊಲೀತೀನಿ. ಅಲ್ಲಿವರೆಗೂ ಹೊಲಿಯಲ್ಲ.”

ಇಸ್ತ್ರಿ ಸಾಹೇಬ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ. ಆ ಪಟ್ಟಿ ತಾಗಿದರೆ ಎಲ್ಲಿ ಸುಕ್ಕು ಬೀಳುತ್ತದೋ ಅನ್ನುವ ಹಾಗೆ. ಅಕ್ಕ ಹಿಡಿದ ಕೈಯನ್ನು ಇಳಿಸಲಿಲ್ಲ. ಅವನು ಪೀಪಿಯನ್ನು ನೋಡಿದ. ಪೀಪಿ ಫ್ಯಾನು ನೋಡಿದ.

“ಕಟ್ಟಿ ಸಾರ್,” ಅಂದಳು ತೋಳು.

“ನಂದು ಮೂರಿದಾವೆ ಸಾರ್, ಅವನ್ನೂ ಕಟ್ಟಿಬಿಡಿ,” ಅಂದಳು ಜೇಬು. “ಮೇಜಿಗೆ ನಾಲ್ಕು ಕಾಲಿದೆ, ಲೆಕ್ಕ ಸರಿ ಹೋಗುತ್ತೆ.”

ಸದ್ದಿಲ್ಲದ ಮಷಿನ್ನುಗಳಿಗೆ ಏನಾಯಿತೋ ಅಂತ ಆಫೀಸಿನವರು ಬಾಗಿಲಿಗೆ ಬಂದಿದ್ದರು. ಅವರ ಹಿಂದೆ ಟೈಪು ಮಾಡುವ ಹುಡುಗಿ. ಬುಗುರಿ ಬುಟ್ಟಿಯಿಂದ ಇಳಿದು “ಆಂಟೀ!” ಅಂತ ಓಡಿಹೋಗಿ ಅವಳ ಕಾಲು ತಬ್ಬಿಕೊಂಡಳು. ನಾಟಕ ಮುಗಿದಿದೆ ಅಂತ ಮಗುವಿಗೆ ಯಾರೂ ಹೇಳಿರಲಿಲ್ಲ.

ಹುಡುಗಿಯ ಮುಖ ಕೆಂಪಾಯಿತು. ಆನೆ ಕೋಣೆಯ ಬೀಗದ ಕೈ ನಿನ್ನೆಯಿಂದ ಅವಳ ಹತ್ತಿರವೇ ಇತ್ತು. ಇಸ್ತ್ರಿ ಸಾಹೇಬ “ಅದನ್ನ ಇ‌ಲ್ಲಿ ಕೊಡು” ಅಂದ. ಅವಳು ಕೊಟ್ಟಳು. ಕೊಟ್ಟದ್ದು ಮಾತ್ರ ಅವನಿಗಲ್ಲ. ಕೆಳಗೆ ಬಗ್ಗಿ, ಬುಗುರಿಯ ಕೈಯಲ್ಲಿ ಇಟ್ಟು, ಬೇಗ ಬೇಗ ಒಳಗೆ ನಡೆದುಬಿಟ್ಟಳು, ಯಾರ ಮುಖವನ್ನೂ ನೋಡದೆ.

ಬೀಗ ತೆಗೆದರೆ ಕೋಣೆ ತುಂಬ ಮತ್ತೆ ಪೆಟ್ಟಿಗೆಗಳು.

“ಜಾಗ ಎಲ್ಲಿದೆ?” ಅಂದ ಪೀಪಿ. ಗೆದ್ದವನ ಹಾಗೆ.

ಜೇಬು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಪೆಟ್ಟಿಗೆ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಂದರು. ಎಲ್ಲಿಡುವುದು? ಖಾಲಿ ಇದ್ದ ಜಾಗ ಇಸ್ತ್ರಿ ಸಾಹೇಬನ ಕೋಣೆ ಒಂದೇ. ಅಲ್ಲೇ ಪೇರಿಸಿದರು. ಮೇಜಿನ ಮೇಲೆ, ಕುರ್ಚಿಯ ಮೇಲೆ, ಗೋಡೆಗೆ ಒರಗಿಸಿ ಸೂರಿನವರೆಗೆ. “ಅಲುಗಾಡಿಸಬೇಡಿ ಸಾರ್, ಎಲ್ಲ ಇಸ್ತ್ರಿ ಮಾಡಿದ ಅಂಗಿ,” ಅಂದಳು ಗುಂಡಮ್ಮ. ಮಕ್ಕಳು ಕೋಣೆಗೆ ನುಗ್ಗಿದವು. ಬಾಗಿಲು ಯಾರೂ ಹಾಕದಿರಲಿ ಅಂತ ಅಕ್ಕ ಅದರ ಹಿಡಿಯನ್ನು ಪಟ್ಟಿಯಿಂದ ಕಿಟಕಿಯ ಕಂಬಿಗೆ ಬಿಗಿದು ಕಟ್ಟಿದಳು. ಎರಡು ಸಾಲು ಒತ್ತು ಹೊಲಿಗೆ. ಆ ದಿನ ಅವಳು ಕಟ್ಟಿದ್ದು ಅದನ್ನೊಂದೇ.

ಆಮೇಲೆ ಕೂತು ಹೊಲಿದರು. ಸಾಲಿನ ಕೊನೆಯಲ್ಲಿ ಕೂರುವ, ಮಕ್ಕಳೆಲ್ಲ ದೊಡ್ಡವರಾಗಿರುವ ಮುದುಕಿಯನ್ನು ಮಕ್ಕಳ ಹತ್ತಿರ ಕೂರಿಸಿ, ಅವಳ ಪಾಲಿನ ಕೆಲಸವನ್ನು ಉಳಿದವರು ಹಂಚಿಕೊಂಡರು.

ಸಂಜೆ ಗೇಟಿನಲ್ಲಿ ಮತ್ತೆ ಸಾಲು. ತಡಕಮ್ಮ ಮುಂದೆ ನಿಂತಿದ್ದಳು, ಪಕ್ಕದಲ್ಲಿ ಪೀಪಿ. ಅವಳ ಕೈ ಹತ್ತಿರ ಬರುವ ಮೊದಲೇ ಬುಗುರಿ ಫ್ರಾಕನ್ನು ಎತ್ತಿ, ಹೊಟ್ಟೆ ಮುಂದೆ ಮಾಡಿ ನಿಂತಳು.

ಅಕ್ಕ ಬಗ್ಗಿ ಫ್ರಾಕನ್ನು ಕೆಳಗೆ ಎಳೆದಳು.

“ಇಳಿಸು. ಬೆಳಿಗ್ಗೆ ನನ್ನ ಹತ್ರ ಮಾಡಿದ್ಯಲ್ಲ, ಹಾಗೆ ಹಿಡ್ಕೋ. ಇನ್ಮೇಲೆ ಯಾರಿಗೂ ಎತ್ತಬೇಡ. ನಾನು ಕೇಳಿದ್ರೂ ಎತ್ತಬೇಡ.”

“ನೀನು ಕೈ ಎತ್ತಮ್ಮಾ,” ಅಂದಳು ತಡಕಮ್ಮ.

“ನಾನೂ ಎತ್ತಲ್ಲ.”

ಅಕ್ಕನ ಎರಡೂ ಕೈ ಮಗುವಿನ ಹೆಗಲ ಮೇಲಿತ್ತು. ಅವಳ ಹಿಂದೆ ಜೇಬು ಕೈ ಕಟ್ಟಿಕೊಂಡು ನಿಂತಳು. ಅವಳ ಹಿಂದೆ ತೋಳು. ಸಾಲು ಉದ್ದಕ್ಕಿತ್ತು, ಒಂದು ಕೈಯೂ ಮೇಲೇಳಲಿಲ್ಲ. ಪೀಪಿ ಊದಿದ. ಇನ್ನೊಮ್ಮೆ ಊದಿದ. ದೂರದಲ್ಲಿ ಯಾವುದೋ ನಾಯಿ ಅದಕ್ಕೆ ಉತ್ತರ ಕೊಟ್ಟಿತು. ತಡಕಮ್ಮ ನಿಟ್ಟುಸಿರು ಬಿಟ್ಟು ಪಕ್ಕಕ್ಕೆ ಸರಿದಳು. “ನನಗೂ ಇಷ್ಟು ಜನರ ಕಂಕುಳು ಮುಟ್ಟಿ ಸಾಕಾಗಿದೆ, ಹೋಗ್ರಮ್ಮ,” ಅಂದಳು.

ಇಷ್ಟಕ್ಕೇ ಎಲ್ಲ ಮುಗಿಯುತ್ತದೆ ಅಂತ ಅಕ್ಕ ಅಂದುಕೊಂಡಿರಲಿಲ್ಲ.

ಮಾರನೇ ಬೆಳಿಗ್ಗೆ ಅವಳು ಕಾರ್ಡು ತೋರಿಸಿದಾಗ ಡಬ್ಬಿ ಕುಂಯ್ ಅನ್ನಲಿಲ್ಲ. ಕೆಂಪು ದೀಪ. ಒರೆಸಿ ಮತ್ತೆ ತೋರಿಸಿದಳು. ಕೆಂಪು. ಕಾವಲಿನ ತಾತ ಮುಖ ಆಚೆ ತಿರುಗಿಸಿದ.

“ನಿನ್ನ ಹೆಸರು ತೆಗೆದುಹಾಕಿದಾರಂತೆ ತಾಯೀ. ಮೇಲಿಂದ ಬಂದಿದೆ.”

ಜೇಬು ತನ್ನ ಕಾರ್ಡು ತೋರಿಸಿದಳು. ಕೆಂಪು. ತೋಳಿನದು ಕೆಂಪು. ಗುಂಡಮ್ಮನದೂ ಕೆಂಪು. ಕಂಬಿಯ ಆಚೆ ಇಸ್ತ್ರಿ ಸಾಹೇಬ ಕೈಕಟ್ಟಿ ನಿಂತಿದ್ದ. ಅವನ ಹಿಂದೆ ಪೀಪಿ ಹೊಸ ಹುಡುಗಿಯರನ್ನು ಸಾಲು ನಿಲ್ಲಿಸುತ್ತಿದ್ದ. ಅವರಲ್ಲಿ ಒಬ್ಬಳ ಕಂಕುಳಲ್ಲಿ ಕೂಸು ಇತ್ತು. ಇದನ್ನು ಮನೆಯಲ್ಲಿ ಬಿಟ್ಟು ಬರಬೇಕು ಅಂತ ಪೀಪಿ ಅವಳಿಗೆ ಹೇಳುತ್ತಿದ್ದ.

 ಅಕ್ಕನ ಕಣ್ಣ ಮುಂದೆ ಮನೆಯ ಮೊಳೆ ಬಂತು. ಪಟ್ಟಿ ಅದರ ಮೇಲಿಲ್ಲ, ಒಳಗೆ ಆನೆ ಕೋಣೆಯ ಬಾಗಿಲಿಗೆ ಕಟ್ಟಿದೆ. ಆದರೆ ಇನ್ನೊಂದು ಹೊಲಿಯಲು ಎಷ್ಟು ಹೊತ್ತು?

ಕೆಳಗಿನಿಂದ ಯಾರೋ ಅವಳ ಬಟ್ಟೆ ಜಗ್ಗಿದರು.

ಬುಗುರಿ ತುದಿಗಾಲಲ್ಲಿ ನಿಂತು, ಕೊರಳಿನ ದಾರವನ್ನು ಉದ್ದಕ್ಕೆ ಎಳೆದು, ಕಾರ್ಡನ್ನು ಡಬ್ಬಿಗೆ ಒತ್ತಿದಳು.

ಹಸಿರು. ಕುಂಯ್.

ಮಕ್ಕಳ ಹೆಸರನ್ನೂ ಒಳಗೆ ಸೇರಿಸಿದ್ದೇವೆ ಅನ್ನುವುದು ಮೇಲಿನವರಿಗೆ ಎರಡನೇ ಸಲವೂ ಮರೆತುಹೋಗಿತ್ತು. ಇಸ್ತ್ರಿ ಸಾಹೇಬನ ಹಣೆಯ ಮೇಲೆ ಮೊದಲ ಸುಕ್ಕು ಬಿತ್ತು.

“ಹೋಗಮ್ಮಾ,” ಅಂದಳು ಬುಗುರಿ.

ಅಕ್ಕ ಕಂಬಿ ದಾಟಿದಳು.

ತಾತ ಅಡ್ಡ ಬರಲಿಲ್ಲ. ಕುಂಯ್ ಅಂದರೆ ಬಿಡು ಅಂತ ಅವನಿಗೆ ಹೇಳಿದ್ದು. ಮಗುವಿಗೆ ಆಟ ಹತ್ತಿತ್ತು. ಮತ್ತೆ ಒತ್ತಿದಳು. ಕುಂಯ್. ಜೇಬು ದಾಟಿದಳು. ಕುಂಯ್. ತೋಳು. ಕುಂಯ್. ಗುಂಡಮ್ಮ. “ನಿಲ್ಲಿಸ್ರೋ ಅದನ್ನ!” ಅಂತ ಇಸ್ತ್ರಿ ಸಾಹೇಬ ಕೂಗಿದ. ಯಾವುದನ್ನು ನಿಲ್ಲಿಸಬೇಕು, ಡಬ್ಬಿಯನ್ನೋ ಮಗುವನ್ನೋ, ಪೀಪಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಕೂಸು ಎತ್ತಿಕೊಂಡಿದ್ದ ಆ ಹೊಸ ಹುಡುಗಿ ತನ್ನ ಸಾಲು ಬಿಟ್ಟು ಮೆಲ್ಲಗೆ ಅಕ್ಕನ ಪಕ್ಕ ಬಂದು ನಿಂತಳು.

“ಅಕ್ಕಾ, ಮಕ್ಕಳ ಕೋಣೆ ಎಲ್ಲಿದೆ?”

“ನೇರ ಹೋಗಿ ಎಡಕ್ಕೆ,” ಅಂದಳು ಅಕ್ಕ. “ಬಾಗಿಲು ತೆಗೆದೇ ಇರುತ್ತೆ.”

ಗೇಟಿನಲ್ಲಿ ಬುಗುರಿ ಇನ್ನೂ ಒತ್ತುತ್ತಲೇ ಇದ್ದಳು.